ಕೇಳದೆ ಕೊಟ್ಟ ಕ್ಷಮೆ

ಆ ಬೀದಿಯಲ್ಲಿ ಅವಳನ್ನು ಕಲೆಯಕ್ಕ ಎಂದೂ ಅವಳ ಗಂಡನನ್ನು ಸೂಜಿಯಣ್ಣ ಎಂದೂ ಕರೆಯುತ್ತಿದ್ದರು. ಗಂಡ ಹೆಂಡತಿಯನ್ನು ಅಣ್ಣ ಅಕ್ಕ ಮಾಡಿಟ್ಟಿದ್ದೀರಲ್ಲ, ನಿಮಗೆ ಒಳ್ಳೆಯದಾಗುತ್ತದೆಯೇ ಎಂದು ಇಸ್ತ್ರಿ ಮಾಡುವ ಅಜ್ಜಿ ಗಿರಾಕಿಗಳನ್ನು ರೇಗಿಸುವುದಿತ್ತು. ಹೆಸರು ಬಂದದ್ದು ಕೆಲಸದಿಂದ. ಇಬ್ಬರೂ ಸೇರಿ ನಡೆಸುತ್ತಿದ್ದದ್ದು ಒಂದು ಲಾಂಡ್ರಿ. ಎಂಥ ಬಟ್ಟೆಗೆ ಎಂಥ ಕಲೆ ಬಿದ್ದರೂ ತೆಗೆಯುವವಳು ಅವಳು. ಹರಿದದ್ದಕ್ಕೆ ನೂಲಿಗೆ ನೂಲು ಕೂಡಿಸಿ, ಹರಿದಿತ್ತು ಎಂಬುದೇ ಗೊತ್ತಾಗದ ಹಾಗೆ ರಫು ಹಾಕುವವನು ಅವನು. ಒಳಕೋಣೆಯಲ್ಲಿ ನೀರಿನ ತೊಟ್ಟಿ, ಕಲ್ಲಿನ ಮೇಜು, ಸಾಲಾಗಿ ಅವಳ ಸೀಸೆಗಳು. ಬೀದಿ ಕಡೆಯ ಕಿಟಕಿಯ ಬೆಳಕಿಗೆ ಅವನ ಕುರ್ಚಿ. ನಡುವೆ ಇಸ್ತ್ರಿ ಮೇಜು, ಅದರ ಹಿಂದೆ ಅಜ್ಜಿ. ಅಜ್ಜಿ ಸಂಬಳಕ್ಕಿದ್ದವಳೇ, ಆದರೆ ಬಾಯಿ ಮಾತ್ರ ಯಜಮಾನಿಯದು.

ಲಾಂಡ್ರಿಯವರಿಗೆ ಊರಿನ ಗುಟ್ಟೆಲ್ಲ ತಾನಾಗಿಯೇ ಕಾಲ ಬುಡಕ್ಕೆ ಬಂದು ಬೀಳುತ್ತದೆ. ಕೋಟಿನ ಜೇಬಿನಲ್ಲಿ ಯಾರದೋ ಒಂಟಿ ಓಲೆ ಇರುತ್ತದೆ, ಇಬ್ಬರು ತಂಗಿದ್ದ ಕೋಣೆಯ ರಸೀದಿ ಇರುತ್ತದೆ, ಹೆಂಡತಿಯಲ್ಲದವಳಿಗೆ ಬರೆದ ಕಾಗದ ಇರುತ್ತದೆ. ಇಂಥವಕ್ಕೆಲ್ಲ ಸೂಜಿಯಣ್ಣನದು ಒಂದೇ ಕಟ್ಟಳೆ. ಜೇಬಿನಲ್ಲಿ ಸಿಕ್ಕಿದ್ದನ್ನು ಕವರಿಗೆ ಹಾಕು, ಮೇಲೆ ಬಟ್ಟೆಯ ಚೀಟಿಯ ನಂಬರು ಬರೆ, ಬಟ್ಟೆಯ ಜೊತೆಗೇ ವಾಪಸು ಕೊಡು. ಓದಬೇಡ, ಓದಿದರೂ ಓದಿದ ಹಾಗೆ ಮುಖ ಮಾಡಬೇಡ. ಯಾರೂ ಕೇಳಿಕೊಂಡು ಬಾರದ್ದು ತಗಡಿನ ಪೆಟ್ಟಿಗೆಗೆ ಹೋಗುತ್ತಿತ್ತು. ಒಮ್ಮೆ ಒಬ್ಬ ಹೆಂಗಸು ಬಂದು, ನನ್ನ ಗಂಡನ ಜೇಬಿನಲ್ಲಿ ಏನು ಸಿಕ್ಕಿತು ಹೇಳಿ ಎಂದು ಗೋಗರೆದಾಗಲೂ ಅವನು ಸೂಜಿಯಿಂದ ಕಣ್ಣೆತ್ತಿರಲಿಲ್ಲ. ಗಂಡಸು ಅಂದರೆ ಹೀಗಿರಬೇಕು, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವವನು ಎಂದು ಅಜ್ಜಿ ಅವನನ್ನು ಹೊಗಳುತ್ತಿದ್ದಳು.

ಕಲೆಯಕ್ಕನೂ ಹಾಗೇ ಅಂದುಕೊಂಡಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಮೂರು ಬಸಿರು, ಮೂರೂ ನಿಲ್ಲಲಿಲ್ಲ. ಮೊದಲನೆಯದು ಐದನೇ ತಿಂಗಳಲ್ಲಿ ಹೋಯಿತು, ಎರಡನೆಯದು ಮೂರನೇ ತಿಂಗಳಲ್ಲಿ. ಮೂರನೆಯದು ಆರು ತಿಂಗಳು ತುಂಬಿಸಿಕೊಂಡು, ಒದ್ದು ಆಡಿ, ಇನ್ನೇನು ಗೆದ್ದೆವು ಎನ್ನುವಾಗ ಸುಮ್ಮನಾಗಿಬಿಟ್ಟಿತು. ಆ ಸಲದ ಹಾಸಿಗೆ ಬಟ್ಟೆಯನ್ನು ಅವಳೇ ಒಗೆದಿದ್ದಳು. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರು ಸೋಕಿದರೆ ಕಚ್ಚಿಕೊಂಡುಬಿಡುತ್ತದೆ. ಬೇರೆ ಯಾರ ಕೈಗೆ ಕೊಟ್ಟರೂ ಕೆಡಿಸುತ್ತಾರೆ ಎಂದು ಹೇಳಿ, ನಡೆಯಲೂ ಆಗದವಳು ತೊಟ್ಟಿಯ ಮುಂದೆ ಕೂತಿದ್ದಳು.

ಅದಾದ ಮೇಲೆ ಅವನೇ ಹೇಳಿದ, ಇನ್ನು ಸಾಕು, ನಿನ್ನ ಜೀವಕ್ಕಿಂತ ಮಗು ದೊಡ್ಡದಲ್ಲ ಎಂದು. ಅತ್ತೆ ಬಂದು ಬರಡು ಮರ ಗಿರಡು ಮರ ಎಂದು ಶುರು ಮಾಡಿದಾಗ, ಅಮ್ಮಾ ಆ ಮಾತು ಈ ಮನೆಯಲ್ಲಿ ಬೇಡ ಎಂದು ಬಾಯಿ ಮುಚ್ಚಿಸಿದ. ಆವತ್ತು ಕಲೆಯಕ್ಕ ಒಳಕೋಣೆಯಲ್ಲಿ ನಿಂತು ಅತ್ತಳು. ನನ್ನ ಹೊಟ್ಟೆಯದೇ ತಪ್ಪು, ಆದರೂ ಈ ಮನುಷ್ಯ ಒಂದು ದಿನ ಒಂದು ಮಾತು ಆಡಲಿಲ್ಲವಲ್ಲ ಎಂದು. ಆಮೇಲಿನ ಹದಿನೇಳು ವರ್ಷ ಅವನ ಕಾಫಿ ಆರುವ ಮುಂಚೆ ಕೈಗೆ ಬರುತ್ತಿತ್ತು, ಅವನ ಸಿಡುಕಿಗೆ ಅವಳು ಎದುರಾಡುತ್ತಿರಲಿಲ್ಲ. ತಪ್ಪು ಮಾಡಿದವರು ಹೇಗಿರುತ್ತಾರೋ ಹಾಗೆ, ತಗ್ಗಿ ಬಗ್ಗಿ ಇದ್ದಳು.

ನಲವತ್ತೇಳು ತುಂಬಿ, ಮುಟ್ಟು ನಿಂತು ವರ್ಷವಾಗಿತ್ತು. ಒಂದು ಬೆಳಗ್ಗೆ ಎದ್ದರೆ ಎಡಗಾಲಿನ ಮೀನಖಂಡ ಬಿಗಿದುಕೊಂಡು ಊದಿತ್ತು, ಮುಟ್ಟಿದರೆ ಬಿಸಿ. ನಿಂತು ನಿಂತು ಹೀಗಾಗಿದೆ ಎಂದು ಎಣ್ಣೆ ತಿಕ್ಕಲು ಹೊರಟವಳ ಕೈಯಿಂದ ಅಜ್ಜಿ ಸೀಸೆ ಕಿತ್ತುಕೊಂಡಳು. ಮೂರನೇ ದಿನ ಪಾದ ಚಪ್ಪಲಿಗೆ ಹಿಡಿಯದಾದಾಗ, ಕಾಲು ಕತ್ತರಿಸಿದ ಮೇಲೆ ಹೋಗುತ್ತೀಯಾ ಎಂದು ಬೈದು ಅಜ್ಜಿಯೇ ಆಸ್ಪತ್ರೆಗೆ ಹೊರಡಿಸಿದಳು. ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿದೆ, ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ ಎಂದು ಸೇರಿಸಿಕೊಂಡರು. ಹೊಟ್ಟೆಯ ಚರ್ಮಕ್ಕೆ ದಿನಾ ಸೂಜಿ, ಆಮೇಲೆ ರಕ್ತ ತೆಳುವಾಗಿಸುವ ಮಾತ್ರೆ. ಎಂಟನೇ ದಿನ ಗಂಡ ಹೆಂಡತಿ ಇಬ್ಬರನ್ನೂ ರಕ್ತದ ಡಾಕ್ಟರ ಕೋಣೆಗೆ ಕಳಿಸಿದರು.

ಯಾರೋ ಹಣ್ಣು ಮುದುಕರಿರುತ್ತಾರೆ ಎಂದುಕೊಂಡು ಹೋದರೆ, ಕೂತಿದ್ದವರು ಅವಳ ತಂಗಿಯ ವಯಸ್ಸಿನ ಹೆಂಗಸು. ಅವಸರ ಮಾಡದೆ ಹಾಳೆಯ ಮೇಲೆ ಗೀಚಿ ತೋರಿಸುತ್ತಾ ಹೇಳಿದರು. ರೋಗಾಣುಗಳ ವಿರುದ್ಧ ಹೋರಾಡಲೆಂದು ಮೈಯಲ್ಲಿ ಒಂದು ಕಾವಲು ಇರುತ್ತದೆ. ಕೆಲವರಲ್ಲಿ ಅದು ದಾರಿ ತಪ್ಪಿ ತನ್ನ ಮೈಯನ್ನೇ ಶತ್ರು ಎಂದುಕೊಳ್ಳುತ್ತದೆ. ಕೆಲವರಿಗೆ ಕೀಲುಗಳ ಮೇಲೆ ಬೀಳುತ್ತದೆ, ಕೆಲವರಿಗೆ ಚರ್ಮದ ಮೇಲೆ. ನಿಮಗೆ ರಕ್ತ ಹೆಪ್ಪುಗಟ್ಟುವ ಏರ್ಪಾಡಿಗೇ ಕೈ ಹಾಕಿದೆ. ಗಾಯವಾದಾಗ ಗಟ್ಟಿಯಾಗಬೇಕಾದ ರಕ್ತ, ಗಾಯವೇ ಇಲ್ಲದೆ ನಾಳದೊಳಗೆ ಗಟ್ಟಿಯಾಗುತ್ತದೆ. ವಿಚಿತ್ರವೆಂದರೆ, ಹೊರಗೆ ತೆಗೆದು ಗಾಜಿನ ಕೊಳವೆಯಲ್ಲಿ ಪರೀಕ್ಷಿಸಿದರೆ ಇದೇ ರಕ್ತ ಬೇರೆಯವರದ್ದಕ್ಕಿಂತ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಅದನ್ನು ನೋಡಿಯೇ ತಮಗೆ ಅನುಮಾನ ಬಂದದ್ದು, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ ಖಚಿತ ಮಾಡಬೇಕು ಎಂದರು.

"ಬೇಲೀನೇ ಎದ್ದು ಹೊಲ ಮೇಯ್ದ ಹಾಗೆ," ಎಂದಳು ಕಲೆಯಕ್ಕ.

ನಾನು ಅರ್ಧ ಗಂಟೆ ಹೇಳಿದ್ದನ್ನು ನೀವು ಒಂದೇ ಮಾತಿಗೆ ಮುಗಿಸಿದಿರಿ ಎಂದು ಡಾಕ್ಟರು ನಕ್ಕರು. ಆಮೇಲೆ ಬಸಿರು ಬಾಣಂತನದ ವಿಚಾರ ಕೇಳಿದರು. ಮೂರೂ ಹೋದವು ಎಂದಾಗ ಪೆನ್ನು ಕೆಳಗಿಟ್ಟರು. ಅದೂ ಇದರಿಂದಲೇ ಆಗಿರಬೇಕು, ತಾಯಿಯಿಂದ ಮಗುವಿಗೆ ರಕ್ತ ಹೋಗುವ ಜಾಗದಲ್ಲಿ ಸಣ್ಣ ಸಣ್ಣ ಹೆಪ್ಪು ಕಟ್ಟಿ ದಾರಿ ಮುಚ್ಚಿಬಿಡುತ್ತದೆ, ನಿಮ್ಮ ಗರ್ಭಕೋಶದ ತಪ್ಪೇನೂ ಇಲ್ಲ ಎಂದರು. ಇಪ್ಪತ್ತು ವರ್ಷ ಹೊತ್ತಿದ್ದ ಮಾತು. ಎಷ್ಟು ಸುಲಭವಾಗಿ ಇಳಿಸಿದರು ಎಂದು ಕಲೆಯಕ್ಕನ ಕಣ್ಣು ತುಂಬಿತು. ಇದಕ್ಕೆ ಮದ್ದು ಉಂಟೇ ಎಂದಳು. ಉಂಟು, ಬಸಿರು ಗೊತ್ತಾದ ದಿನದಿಂದ ಒಂದು ಚಿಕ್ಕ ಮಾತ್ರೆ, ದಿನಕ್ಕೊಂದು ಸೂಜಿ, ಈಗ ನೀವು ತೆಗೆದುಕೊಂಡಿರಲ್ಲ ಅದೇ; ಎಲ್ಲರಿಗೂ ಅಂತ ಹೇಳಲಾಗದು, ಆದರೆ ಹತ್ತರಲ್ಲಿ ಏಳೆಂಟು ಜನ ಮಗುವನ್ನು ಎತ್ತಿಕೊಂಡೇ ಮನೆಗೆ ಹೋಗುತ್ತಾರೆ ಎಂದರು. ಆಗಲೂ ಇತ್ತೇ ಆ ಸೂಜಿ ಎಂದು ಕೇಳಿದಳು. ಆಗಲೂ ಇತ್ತು.

ಆಮೇಲೆ ಡಾಕ್ಟರು ಒಂದು ಪ್ರಶ್ನೆ ಕೇಳಿದರು.

"ಬಸುರಿಯಾಗಿದ್ದಾಗ ಮಾಡಿದ ರಕ್ತಪರೀಕ್ಷೇಲಿ ಸಿಫಿಲಿಸ್ ಇದೆ ಅಂತ ಏನಾದ್ರೂ ಬಂದಿತ್ತಾ? ಗಾಬರಿ ಆಗ್ಬೇಡಿ. ಆ ಪರೀಕ್ಷೆಗೆ ಬಳಸೋ ವಸ್ತುವಿನ ಮೇಲೂ ನಿಮ್ಮಂಥೋರ ರಕ್ತ ಸಿಡುಕುತ್ತೆ. ಕಾಯಿಲೆ ಇರಲ್ಲ, ಇದೆ ಅಂತ ಸುಳ್ಳು ತೋರ್ಸುತ್ತೆ."

ಕಲೆಯಕ್ಕನಿಗೆ ನಗು ಬಂತು. ಸಿಫಿಲಿಸ್ ಎಂದರೆ ಮೈಸಂಗದಿಂದ ಅಂಟುವ ಕಾಯಿಲೆ, ಅದು ಯಾರಿಗೆ ಬರುತ್ತದೆ ಎಂದು ಅವಳಿಗೂ ಗೊತ್ತು. ಅಂಥದ್ದೇನೂ ಬಂದಿರಲಿಲ್ಲ ಎನ್ನಲು ಬಾಯಿ ತೆರೆದಳು.

"ಬಂದಿತ್ತು," ಎಂದ ಪಕ್ಕದಲ್ಲಿ ಕೂತ ಸೂಜಿಯಣ್ಣ. "ಮೂರು ಸಲಾನೂ."

ಡಾಕ್ಟರು ಅವನ ಮುಖ ನೋಡಿದರು, ಅವಳ ಮುಖ ನೋಡಿದರು. ಮತ್ತೇನೂ ಕೇಳದೆ ಇನ್ನೊಂದು ಪರೀಕ್ಷೆಗೆ ಬರೆದುಕೊಟ್ಟರು. ಕಾಯಿಲೆ ನಿಜವಾಗಿ ಒಮ್ಮೆಯಾದರೂ ಬಂದಿದ್ದರೆ, ವಾಸಿಯಾದ ಮೇಲೂ ಸಾಮಾನ್ಯವಾಗಿ ಅದರ ಗುರುತು ಈ ಪರೀಕ್ಷೆಯಲ್ಲಿ ಉಳಿದಿರುತ್ತದೆ. ವಾರದಲ್ಲಿ ಗೊತ್ತಾಗುತ್ತದೆ ಎಂದರು.

ಹೊರಗೆ ಓಣಿಯಂಥ ಜಾಗದಲ್ಲಿ ಒಂದು ಉದ್ದ ಬೆಂಚು. ಒಂದು ತುದಿಯಲ್ಲಿ ಅವಳು ಕಾಲು ಚಾಚಿ ಕೂತಳು, ಇನ್ನೊಂದು ತುದಿಯಲ್ಲಿ ಅವನು. ಅಲ್ಲಿ ಬಾಯಿ ಬಿಟ್ಟ ನೋಡಿ, ಇಪ್ಪತ್ತೊಂದು ವರ್ಷದ ಮೇಲೆ. ಮೊದಲ ಬಸಿರಿನಲ್ಲಿ ಅವಳಿಗೆ ಮಲಗಿರಲು ಹೇಳಿದ್ದರಿಂದ ರಿಪೋರ್ಟು ತರಲು ಅವನೇ ಹೋಗಿದ್ದನಂತೆ. ತೆರೆದು ನೋಡಿದರೆ ಆ ಹಾಳೆ. ಎದೆ ಒಡೆದುಹೋಯಿತಂತೆ. ಬೇರೆ ಕಡೆ ಹೋಗಿ ತನ್ನ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಂಡನಂತೆ. ತನಗೆ ಇರಲಿಲ್ಲ. ತನಗಿಲ್ಲದ್ದು ಅವಳಿಗಿದೆ ಎಂದರೆ ಇನ್ನೇನು ಅರ್ಥ? ಆ ಒಂದು ಹಾಳೆಯನ್ನು ಎಳೆದುಕೊಂಡು, ಮಿಕ್ಕದ್ದನ್ನು ಹೆರಿಗೆ ಡಾಕ್ಟರಿಗೆ ಕೊಟ್ಟ. ಅವರಿಗೂ ನೂರು ಬಸುರಿಯರು, ಒಂದು ಹಾಳೆ ಕಡಿಮೆಯಿದ್ದದ್ದು ಯಾರಿಗೂ ತಿಳಿಯಲಿಲ್ಲ. ಆ ಯೋಚನೆಯಲ್ಲೇ ಹತ್ತು ದಿನ ಕಳೆಯುವಷ್ಟರಲ್ಲಿ ಮಗು ಹೋಯಿತು.

ಆಮೇಲೆ ಶಕ್ತಿಯ ಸೂಜಿ ಎಂದು ಹೇಳಿ ಒಬ್ಬ ಕಾಂಪೌಂಡರನ ಹತ್ತಿರ ವಾರಕ್ಕೊಂದರಂತೆ ಮೂರು ಸೂಜಿ ಹಾಕಿಸಿದ್ದನಲ್ಲ, ಅದು ಶಕ್ತಿಯದಲ್ಲ, ಆ ಕಾಯಿಲೆಯದು. ಅವಳಿಗೆ ನೆನಪಿತ್ತು. ಸೊಂಟದ ಕೆಳಗೆ ಕಲ್ಲು ಕಟ್ಟಿದಂತಾಗಿ ಎರಡು ದಿನ ಕುಂಟಿದ್ದಳು. ನಾನು ಬೇಗ ಸುಧಾರಿಸಲಿ ಅಂತ ಎಷ್ಟು ಓಡಾಡುತ್ತಾರೆ ಎಂದು ತಂಗಿಯ ಮುಂದೆ ಗಂಡನನ್ನು ಹೊಗಳಿಕೊಂಡಿದ್ದಳು. ಎರಡನೇ ಬಸಿರು, ಮೂರನೇ ಬಸಿರು, ಆಗಲೂ ರಿಪೋರ್ಟು ತಂದವನು ಅವನೇ. ಆಗಲೂ ಅದೇ ಹಾಳೆ ಬಂತು, ಆಗಲೂ ಅವನು ಅದನ್ನು ಎಳೆದುಕೊಂಡ.

ಅವಳು ಕೇಳಿದಳು, ಯಾರೆಂದು ಅಂದುಕೊಂಡಿದ್ದಿರಿ ಎಂದು. ಅದಕ್ಕೂ ಅವನ ಹತ್ತಿರ ಉತ್ತರ ಸಿದ್ಧವಿತ್ತು. ಮದುವೆಗೆ ಮುಂಚೆ ಅವಳು ಎರಡು ವರ್ಷ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇದ್ದಳಲ್ಲ, ಅಲ್ಲಿ ಯಾರೋ ಬಲವಂತ ಮಾಡಿರಬೇಕು, ಪಾಪ, ಹೇಳಿಕೊಳ್ಳಲಾಗದೆ ನುಂಗಿಕೊಂಡಿದ್ದಾಳೆ ಎಂದು ತಾನೇ ಕಥೆ ಕಟ್ಟಿಕೊಂಡಿದ್ದ. ಅಯ್ಯೋ ಮಹಾನುಭಾವ! ಇಲ್ಲದ ಗಂಡಸೊಬ್ಬನನ್ನು ಮನಸ್ಸಿನಲ್ಲೇ ಹುಟ್ಟಿಸಿ, ಅವನನ್ನು ಇಪ್ಪತ್ತೊಂದು ವರ್ಷ ಹೆಂಡತಿಯ ಪಕ್ಕ ಮಲಗಿಸಿಕೊಂಡಿದ್ದನಲ್ಲ.

"ನಾನು ಆವತ್ತೇ ನಿನ್ನ ಕ್ಷಮಿಸಿಬಿಟ್ಟಿದ್ದೆ," ಎಂದ ಅವನು. "ಒಂದು ದಿನ ಆದ್ರೂ ನಿನಗೆ ನೋವಾಗೋ ಹಾಗೆ ನಡ್ಕೊಂಡಿದ್ದೀನಾ, ನೀನೇ ಹೇಳು."

ಅವನ ದನಿಯಲ್ಲಿ ಮೋಸವಿರಲಿಲ್ಲ. ಅದೇ ಅವಳನ್ನು ಕೊಂದದ್ದು. ಬೈದಿದ್ದರೆ ಜಗಳವಾಡಬಹುದಿತ್ತು, ಮನೆ ಬಿಟ್ಟು ಓಡಿಸಿದ್ದರೆ ತವರಿಗೆ ಹೋಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸಬಹುದಿತ್ತು. ಇವನು ಒಳ್ಳೆಯವನಾದ. ಯಾರೂ ಬೇಡದ ಒಳ್ಳೆಯತನವನ್ನು ಅವಳ ಮೇಲೆ ಸುರಿದು, ಅದರ ಕೆಳಗೆ ಅವಳನ್ನು ಬಗ್ಗಿಸಿ ಇಟ್ಟಿದ್ದ. ಅವಳು ತಾನು ಮಕ್ಕಳನ್ನು ಉಳಿಸಿಕೊಳ್ಳಲಾರದವಳು ಎಂದು ತಲೆ ತಗ್ಗಿಸಿದ್ದಳು. ಅವನು ಮಾತ್ರ, ಮಾಡಿದ ತಪ್ಪಿಗೆ ತಗ್ಗಿಸಿದ್ದಾಳೆ ಎಂದು ಮೆಚ್ಚಿಕೊಂಡು ನೋಡುತ್ತಿದ್ದ.

ಮನೆಗೆ ಬಂದ ಮಾರನೆಯ ದಿನ, ಇಸ್ತ್ರಿ ಅಜ್ಜಿ ಊಟಕ್ಕೆ ಹೋಗಿದ್ದಾಗ, ಅವಳು ತಗಡಿನ ಪೆಟ್ಟಿಗೆ ಇಳಿಸಿಕೊಂಡಳು. ಕಳೆದುಹೋದ ಗುಂಡಿಗಳು, ಓಲೆಗಳು, ಬೀಗದ ಕೈಗಳ ಅಡಿಯಲ್ಲಿ ಮೂರು ಕವರುಗಳು ಸಿಕ್ಕಿದವು. ಅವನು ಹರಿದು ಹಾಕಿರಲಿಲ್ಲ. ಯಾರದೋ ಸೊತ್ತನ್ನು ಹಾಳು ಮಾಡಬಾರದಲ್ಲ, ಅದೂ ಅವನ ಕಟ್ಟಳೆಯೇ. ಕವರಿನ ಮೇಲೆ ನಂಬರಿನ ಬದಲು ತಾರೀಖು ಬರೆದಿದ್ದ. ಹಾಳೆಯ ಕೊನೆಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಅಚ್ಚಾಗಿತ್ತು: ಈ ಫಲಿತಾಂಶ ಅಂತಿಮವಲ್ಲ, ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಮೂರು ಹಾಳೆಯಲ್ಲೂ ಅದೇ ಸಾಲು. ಅವಳು ಅವನ್ನು ಕಿಟಕಿಯ ಹತ್ತಿರ ಒಯ್ದು ಅವನ ತೊಡೆಯ ಮೇಲಿದ್ದ ಕೋಟಿನ ಮೇಲಿಟ್ಟಳು.

"ಇದನ್ನ ಓದಿದ್ರಾ?"

"ಓದಿದ್ದೆ."

"ಮತ್ತೆ?"

"ಇನ್ನೊಂದು ಪರೀಕ್ಷೆ ಅಂದ್ರೆ ನಿನಗೆ ಹೇಳ್ಬೇಕಾಗ್ತಿತ್ತು."

ಅಷ್ಟೇ. ಹೇಳಬೇಕಾಗುತ್ತಿತ್ತು ಎಂಬುದಕ್ಕಾಗಿ ಹೇಳಲಿಲ್ಲ. ಇದಕ್ಕೆ ಏನು ಹೇಳುತ್ತೀರಿ? ಕಲೆಯಕ್ಕನಿಗೆ ಕೂಗಬೇಕೆನಿಸಿತು. ಅವನ ಎದುರಿಗೆ ಸ್ಟೂಲು ಎಳೆದು ಕೂತು, ಸಣ್ಣ ದನಿಯಲ್ಲಿ, ಮದುವೆಗೆ ಮುಂಚೆಯಾಗಲಿ ಆಮೇಲಾಗಲಿ ನಿಮ್ಮನ್ನು ಬಿಟ್ಟು ಯಾರೂ ನನ್ನ ಮೈ ಮುಟ್ಟಿಲ್ಲ ಎಂದು ಹೇಳಿದಳು. ನಲವತ್ತೇಳು ವರ್ಷದ ಹೆಂಗಸು, ತನ್ನದೇ ಅಂಗಡಿಯಲ್ಲಿ ಕೂತು, ಇಂಥ ಮಾತನ್ನು ಹೇಳಿಕೊಳ್ಳಬೇಕಾಯಿತು. ಅವನು ಅವಳ ಕೈ ಹಿಡಿದುಕೊಂಡ. ನಂಬ್ತೀನಿ ಎಂದ. ಆ ಮಾತಿಗೆ ಅವಳು ಒಂದಿಷ್ಟು ಕರಗಿದಳು, ಸುಳ್ಳೇಕೆ. ಮೂರ್ಖ ಇರಬಹುದು, ಆದರೆ ನಾನು ಹೇಳಿದ ಮೇಲೆ ನಂಬಿದ, ಅಷ್ಟಾದರೂ ಉಳಿಯಿತು ಎಂದುಕೊಂಡಳು.

ಆ ವಾರ ಅವಳು ಮೆಲ್ಲಗೆ ಕೆಲಸಕ್ಕೂ ಕೂತಳು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಚಾಕು ಕತ್ತರಿಯ ಹತ್ತಿರ ಹುಷಾರಾಗಿರಬೇಕು, ಗಾಯವಾದರೆ ಬೇಗ ನಿಲ್ಲುವುದಿಲ್ಲ ಎಂದು ಹೇಳಿದ್ದರು. ಅಜ್ಜಿ ಎಲ್ಲ ಕತ್ತರಿಗಳನ್ನೂ ಸೂಜಿಯಣ್ಣನ ಡಬ್ಬಿಗೆ ಸಾಗಿಸಿದಳು. ಕಲೆಯಕ್ಕ ಯಾರದೋ ಶರಟಿನ ಕಾಲರು ತಿಕ್ಕುತ್ತಾ ಕೂತಿದ್ದರೆ ಸುಮ್ಮಸುಮ್ಮನೆ ವಯಸ್ಸುಗಳು ನೆನಪಿಗೆ ಬರುತ್ತಿದ್ದವು. ಎರಡನೆಯದು ಇದ್ದಿದ್ದರೆ ಈಗ ಹತ್ತೊಂಬತ್ತು. ಮೂರನೆಯದು ಹದಿನೇಳು, ಒದೆಯುವುದರಲ್ಲಿ ಭಾರಿ ಜೋರಿತ್ತು ಅದು. ಆ ಹಾಳೆ ಹೆರಿಗೆ ಡಾಕ್ಟರ ಕೈ ಸೇರಿದ್ದರೆ ಇನ್ನೊಂದು ಪರೀಕ್ಷೆಯಾಗಿ, ರಕ್ತದ ಈ ದೋಷ ಆಗಲೇ ಗೊತ್ತಾಗುತ್ತಿತ್ತು. ದಿನಕ್ಕೊಂದು ಸೂಜಿ. ಬೇಕಿದ್ದದ್ದು ಅಷ್ಟೇ. ಮಗುವಿಗಾಗಿ ದಿನಕ್ಕೆ ಹತ್ತು ಚುಚ್ಚಿದ್ದರೂ ಅವಳು ಸೆರಗು ಸರಿಸಿ ಕೂರುತ್ತಿದ್ದಳು. ಯಾಕೆ ಅಳುತ್ತೀಯಾ ಎಂದು ಅಜ್ಜಿ ಕೇಳಿದಾಗ ಕಾಲು ನೋವು ಎಂದಳು. ಆ ಸುಳ್ಳು ಹೇಳುವಾಗಲೂ ಅವಳು ಗಂಡನ ಮಾನ ಕಾಯುತ್ತಿದ್ದಳು, ಅದು ಅವಳಿಗೇ ಹೊಳೆಯಲಿಲ್ಲ.

ಎಂಟನೇ ದಿನ ಇಬ್ಬರೂ ಮತ್ತೆ ಆ ಕೋಣೆಯಲ್ಲಿ ಕೂತರು. ಡಾಕ್ಟರು ಮೊದಲು ಅವಳ ಕಾಲು ನೋಡಿದರು, ಊತ ಅರ್ಧ ಇಳಿದಿತ್ತು. ಆಮೇಲೆ ಹಾಳೆ ತೆಗೆದು, ಅವನನ್ನಲ್ಲ, ಅವಳನ್ನು ನೋಡಿ ಹೇಳಿದರು.

"ಇಲ್ಲಮ್ಮಾ. ಆ ಕಾಯಿಲೆ ನಿಮಗೆ ಯಾವತ್ತೂ ಬಂದೇ ಇರ್ಲಿಲ್ಲ."

ಕಲೆಯಕ್ಕ ತಲೆಯಾಡಿಸಿದಳು. ಅವಳಿಗೆ ಗೊತ್ತಿದ್ದದ್ದೇ. ಅಷ್ಟರಲ್ಲಿ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಸೂಜಿಯಣ್ಣ ಎದ್ದು ನಿಂತಿದ್ದ. ಎರಡೂ ಕೈ ಜೋಡಿಸಿದ್ದ, ಕಣ್ಣಲ್ಲಿ ನೀರು ಧಾರೆ ಧಾರೆ.

"ಬದುಕಿದೆ ಡಾಕ್ಟ್ರೇ," ಎಂದ. "ಎದೆ ಮೇಲಿದ್ದ ಕಲ್ಲು ಇಳಿದ ಹಾಗಾಯ್ತು."

ಡಾಕ್ಟರು ಮಾತ್ರೆಯ ಚೀಟಿ ಬರೆಯತೊಡಗಿದರು.

ಹೊರಗೆ ಬಂದ ಮೇಲೆ ಅವನು ಬೇರೆಯೇ ಮನುಷ್ಯನಾಗಿದ್ದ. ದಿನಕ್ಕೆ ಹತ್ತು ಮಾತು ಆಡದವನು ಮೆಟ್ಟಿಲು ಇಳಿಯುವಷ್ಟರಲ್ಲಿ ನೂರು ಮಾತಾಡಿದ. ಎರಡು ದಿನ ಅಂಗಡಿ ಮುಚ್ಚಿ ಎಲ್ಲಾದರೂ ಹೋಗಿಬರೋಣ ಎಂದ. ಅವಳ ತಂಗಿಯ ಮನೆಗೆ ಹೋಗಿ ಎಷ್ಟು ವರ್ಷವಾಯಿತು ಎಂದ. ಮೊಣಕೈ ಹಿಡಿದು ಮೆಟ್ಟಿಲು ಇಳಿಸಿದ, ಮದುವೆಯಾದ ಹೊಸತರಲ್ಲಿ ಹಿಡಿಯುತ್ತಿದ್ದ ಹಾಗೆ. ಹಾಗೆ ಹಿಡಿಯುವುದನ್ನು ಅವನು ಯಾವಾಗ ಬಿಟ್ಟನೆಂದು ಅವಳಿಗೆ ಅಲ್ಲಿಯವರೆಗೆ ಗಮನಕ್ಕೇ ಬಂದಿರಲಿಲ್ಲ. ಈಗ ಬಂತು. ಬಸ್ಸು ನಿಲ್ಲುವ ಕಡೆ ಬಂದು ನಿಂತಾಗ ಅವಳು ಕೈ ಬಿಡಿಸಿಕೊಂಡಳು.

"ಮೊನ್ನೆ ನಂಬ್ತೀನಿ ಅಂದಿದ್ರಿ."

"ನಂಬಿದ್ದೆ. ನಿನ್ನಾಣೆಗೂ ನಂಬಿದ್ದೆ."

"ನಂಬಿದ್ರೆ ಇವತ್ತು ಯಾಕೆ ಬದುಕಿದ್ರಿ?"

ಅವನ ಮುಖದ ಮೇಲಿನ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ನೋಡುತ್ತಲೇ ನಿಂತಳು. ಅವಳ ಬಾಯಿಂದ ಬಂದದ್ದಕ್ಕೆ ಈ ಮನುಷ್ಯನ ಎದೆಯ ಕಲ್ಲು ಒಂದಿಷ್ಟೂ ಅಲುಗಿರಲಿಲ್ಲ. ಅಂದೂ ಒಂದು ಹಾಳೆಯ ಮಾತು ಕೇಳಿದ, ಇಂದೂ ಒಂದು ಹಾಳೆಯ ಮಾತು ಕೇಳಿದ. ನಡುವೆ ಇಪ್ಪತ್ತೊಂದು ವರ್ಷ ಅನ್ನ ಹಾಕಿ, ಪಕ್ಕದಲ್ಲಿ ಮಲಗಿ, ಮೂರು ಸಲ ಹೊಟ್ಟೆ ಬರಿದು ಮಾಡಿಕೊಂಡವಳ ಮಾತು ಅವನಿಗೆ ಸಾಕ್ಷಿಯೇ ಆಗಿರಲಿಲ್ಲ. ಅವನ ಕ್ಷಮೆ, ಅವನ ನಂಬಿಕೆ, ಎರಡರಲ್ಲೂ ಅವಳು ಇರಲಿಲ್ಲ.

ನೀವು ಇಲ್ಲಿಂದ ಹಾಗೇ ನಿಮ್ಮಣ್ಣನ ಮನೆಗೆ ಹೋಗಿ, ಬಟ್ಟೆ ಬರೆ ಅಜ್ಜಿಯ ಕೈಲಿ ಕಳಿಸುತ್ತೇನೆ ಎಂದಳು. ಅವನಿಗೆ ಅರ್ಥವಾಗಲಿಲ್ಲ. ಸಾಮಾನ್ಯವಾಗಿ ಹೆಂಡತಿಯರು ತಾವೇ ಹೋಗುತ್ತಾರೆ, ಅವಳಿಗೂ ಮೊದಲು ಅದೇ ಹೊಳೆದಿತ್ತು. ನಾನ್ಯಾಕೆ ಹೋಗಲಿ, ಅಂಗಡಿ ನನ್ನದೂ ಹೌದು, ನಾನು ಏನೂ ಮಾಡಿಲ್ಲ ಎಂದು ಅದೇ ದನಿಯಲ್ಲಿ ಹೇಳಿದಳು. ಎಷ್ಟು ದಿನ ಎಂದು ಕೇಳಿದ. ಗೊತ್ತಿಲ್ಲ ಎಂದಳು. ಅವನು ಸುತ್ತ ನಿಂತವರನ್ನು ನೋಡಿ ದನಿ ತಗ್ಗಿಸಿದ.

"ಅಣ್ಣ ಅತ್ತಿಗೆ ಯಾಕೆ ಬಂದೆ ಅಂತ ಕೇಳಿದ್ರೆ ಏನು ಹೇಳ್ಲಿ?"

"ಮಾಡ್ದೇ ಇದ್ದ ತಪ್ಪಿಗೆ ಹೆಂಡ್ತಿನ ಕ್ಷಮಿಸಿದ್ದೆ ಅಂತ ಹೇಳಿ," ಎಂದಳು. "ಮೊದಲನೇ ಮಗೂನ ನಿಮ್ಮ ತಲೆಗೆ ಕಟ್ಟಲ್ಲ, ಅದು ಹೇಗಿದ್ರೂ ಹೋಗ್ತಿತ್ತೋ ಏನೋ. ಮಿಕ್ಕ ಎರಡು ಹೇಗೆ ಹೋದ್ವು ಅಂತ ಹೇಳಿ."

ಅವನು ಏನೋ ಹೇಳಲು ಹೊರಟವನಂತೆ ತುಟಿ ಒದ್ದೆ ಮಾಡಿಕೊಂಡ. ಅವಳು ಕಾದಳು. ಒಂದು ಬಸ್ಸನ್ನು ಬಿಟ್ಟು, ಊದಿದ ಕಾಲಿನ ಮೇಲೆ ನಿಂತುಕೊಂಡೇ, ಇನ್ನೊಂದು ಬಸ್ಸು ಬರುವ ತನಕ ಕಾದಳು. ಅವನು ಬಾಯಿ ಬಿಡಲಿಲ್ಲ. ಅವಳು ಒಬ್ಬಳೇ ಕಂಬಿ ಹಿಡಿದು ಹತ್ತಿ, ಖಾಲಿಯಿದ್ದ ಸೀಟಿನಲ್ಲಿ ಕೂತು ಟಿಕೆಟು ತೆಗೆದುಕೊಂಡಳು.